ತುರ್ಭೆಯ ಮಂಗಳ ಗ್ರಹಕ್ಕೆ ಹಿಂಬಾಗಿಲಿಲ್ಲ

ತುರ್ಭೆ, ೨೦೧೭

ಮಾಲೀಕರಿಗೆ,

ಮಂಗಳ ಗ್ರಹದಲ್ಲಿ ಊರು ಕಟ್ಟುವ ತಾಲೀಮಿಗೆಂದು ನೀವು ಇಲ್ಲಿ ಕಟ್ಟಿಸಿದ ಉಕ್ಕಿನ ಗುಮ್ಮಟದೊಳಗೆ ಅಡುಗೆಗೆ ಹೋದ ಸರ್ವೋತ್ತಮ ನನ್ನ ತಮ್ಮ. ಅವನಿಗೆ ಉಬ್ಬಸ. ಬೆಳಿಗ್ಗೆ ಒಳಗಿನ ಫೋನಿನಲ್ಲಿ, “ಅಕ್ಕಾ, ಉಸಿರು ಸಿಕ್ಕುದಿಲ್ಲ. ಬಾಗಿಲು ತೆಗೀಲಿಕ್ಕೆ ಹೇಳು” ಎಂದ.

ಹೇಳಿದೆ. ನಿಮ್ಮ ಮ್ಯಾನೇಜರ್ ನಕ್ಕ. “ನೋಡಿ ಬಾಯೀ, ಒಳಗೆ ಮಂಗಳ ಗ್ರಹ. ಇಲ್ಲಿಯ ಕಾಯ್ದೆ ಅಲ್ಲಿ ಚಲ್ತಾ ನಹೀ. ತಾಲೀಮು ಮುಗಿಯೋವರೆಗೆ ಬಾಗಿಲು ತೆಗೆಯೋದಿಲ್ಲ ಅಂತ ನಿಮ್ಮ ತಮ್ಮನೇ ಸಹಿ ಹಾಕಿದ್ದಾನೆ.”

ಅವನು ಸಹಿ ಹಾಕಿದ್ದು ಅಡುಗೆ ಮಾಡಲಿಕ್ಕೆ, ಸಾಯಲಿಕ್ಕಲ್ಲ. ನಮ್ಮ ಉಡುಪಿ ಹೋಟೆಲುಗಳಲ್ಲಿ ಒಲೆ ಉರಿಯುವಷ್ಟು ಹೊತ್ತು ಅಡುಗೆಮನೆಯ ಹಿಂಬಾಗಿಲಿಗೆ ಚಿಲಕ ಹಾಕುವುದಿಲ್ಲ. ಎಂಥ ಕಟುಕ ಸೇಠನೂ ಈ ರಿವಾಜು ಮುರಿದಿಲ್ಲ. ನೀವೋ, ಹಿಂಬಾಗಿಲೇ ಇಲ್ಲದ ಗ್ರಹ ಕಟ್ಟಲು ಹೊರಟಿದ್ದೀರಿ. ಭೂಮಿಯ ಕಾನೂನು ಬೇಡವಾದವರಿಗೆ ಭೂಮಿಯ ಅಡುಗೆಯವನು ಯಾಕೆ ಬೇಕು?

ನಾನು ತಂದುಕೊಟ್ಟ ಅವನ ಉಬ್ಬಸದ ಪಂಪು ನಿಮ್ಮ ವಾಚ್‌ಮನ್ ಬಳಿಯೇ ಇದೆ. ಮೊದಲು ಅದನ್ನು ಸಾಮಾನು ದಾಟಿಸುವ ಕಿಂಡಿಯಿಂದ ಒಳಗೆ ಕೊಡಿಸಿ, ಆಮೇಲೆ ಬಾಗಿಲು ತೆಗೆಸಿ. ಈ ಪತ್ರ ಒಯ್ದವನು ಮರಳುವವರೆಗೆ ಮಾತ್ರ ಕಾಯುತ್ತೇವೆ. ಆ ಬಾಗಿಲನ್ನು ವೆಲ್ಡಿಂಗ್ ಮಾಡಿ ಕೂರಿಸಿದವರೂ ನಮ್ಮ ಸಂಘದವರೇ. ಉಕ್ಕು ಕೊಯ್ಯುವ ಗ್ಯಾಸ್ ಕಟರ್ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಾರೆ.

ನಿಮ್ಮ ಗೇಟಿನ ಹೊರಗಿನಿಂದ,
ರತ್ನಾವತಿ
ತುರ್ಭೆ ಕಾರ್ಮಿಕರ ಸಂಘ