ಸಾಮಾನು ಕೋಣೆಯ ಟೇಬಲ್ಲು

ಜೂನ್ 4, ಬೆಳಗ್ಗೆ 11

ಹಾಲು ಕೊಟ್ಟಿದ್ದು ಆರಕ್ಕೆ ಎಡಗಡೆ, ಎಂಟೂವರೆಗೆ ಬಲಗಡೆ, ಹತ್ತೂಕಾಲಿಗೆ ಮತ್ತೆ ಎಡ. ಪಾಪು ಮಲಗಿದೆ. ನನಗೆ ನಿದ್ದೆ ಬರುತ್ತಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ಬಂದೆ. ಮೂರು ಸಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಇವರು ಟೇಬಲ್ ಬುಕ್ ಮಾಡಿದ್ದಾರೆ. ಯಾರದೋ ಹಳೇ ಮನೆ, ಈಗ ರೆಸ್ಟೋರೆಂಟು. ಪಾಪುವನ್ನು ಬಿಟ್ಟು ಹೇಗೆ ಬರಲಿ ಅಂದೆ. ಅತ್ತೆ — "ಹೋಗಿ ಬಾರೇ. ನಿನ್ನ ಗಂಡ ಏನು ತಾನಾಗೇ ಬೆಳೆದುಬಿಟ್ಟನಾ?"

ಇವರಿಗೆ ಅಲ್ಲೇ ಹೇಳಿಬಿಡಬೇಕು. ಇಲ್ಲಿ ಆಗುವುದಿಲ್ಲ. ಪಾಪು ಅತ್ತರೆ ಎತ್ತಿಕೊಳ್ಳುತ್ತೇನೆ, ಹಾಲು ಕೊಡುತ್ತೇನೆ, ಹೆದರುತ್ತೇನೆ. ಪ್ರೀತಿ ಮಾತ್ರ... ನಾಲ್ಕು ತಿಂಗಳಾಯಿತು. ಪಕ್ಕದ ಮನೆಯವರು ಒಪ್ಪಿಸಿ ಹೋದ ಮಗುವಿನ ಹಾಗೆ.

ಜೂನ್ 7, ಸಂಜೆ 5

ಹೋಗಿ ಬಂದೆವು. ಒಂದೊಂದು ಕೋಣೆಗೆ ಒಂದೊಂದು ಟೇಬಲ್. ನಮಗೆ ಸಿಕ್ಕಿದ್ದು ಸಾಮಾನು ಕೋಣೆ — ಹಳೇ ಶೆಲ್ಫು, ಡಬ್ಬಿ ಇಟ್ಟಿದ್ದ ದುಂಡು ಕಲೆಗಳು ಹಾಗೇ ಇವೆ. "ಪುಣ್ಯ, ಬಚ್ಚಲುಮನೆ ಕೊಡಲಿಲ್ಲ," ಅಂದರು ಇವರು. ಮನೆಯೊಡತಿ — "ಅದು ಬುಕ್ ಆಗಿದೆ ಸಾರ್." ನಗಲೇ ಇಲ್ಲ ಆಕೆ.

ಸೂಪು ಬಂತು. ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡು. ಹೇಳೋಣ ಅಂತ ಬಾಯಿ ತೆರೆದೆ. ಆಗಲೇ ಪಕ್ಕದ ಕೋಣೆಯಲ್ಲಿ ಯಾರದೋ ಕೂಸು ಅತ್ತಿತು. ಎದೆ ಒದ್ದೆಯಾಯಿತು. ಆಮೇಲೆ ಏನಾಯಿತೋ... ಇವರ ದನಿ ಕೇಳಿದಾಗ ಎದ್ದು ನಿಂತಿದ್ದೆ.

"ಅದು ಬ್ರೆಡ್ಡು ಕಣೇ."

ಬಟ್ಟೆಯ ಸಮೇತ ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನಗೆ ಎರಡೂ ಒಂದೇ ರೀ," ಅಂದೆ. "ಇದೂ, ಪಾಪುನೂ. ಬೆಚ್ಚಗಿರುತ್ತೆ, ಹಿಡ್ಕೋತೀನಿ. ಅಷ್ಟೇ."

ನಗು ನಿಂತಿತು. "ಯಾವಾಗಿಂದ?"

"ಆಸ್ಪತ್ರೆಯಿಂದ ಬಂದಾಗಿಂದ."

"ನನಗೆ ಹೇಳೋದಲ್ವಾ?"

"ಈಗ ಹೇಳಿದೆನಲ್ಲ."

ಮನೆಯೊಡತಿ ಬಂದು ಸೂಪು ಹಿಡಿಸಲಿಲ್ಲವಾ ಅಂತ ಕೇಳಿದಳು. ಚೆನ್ನಾಗಿದೆ ಅಂದೆ. ರುಚಿ ಗೊತ್ತಾಗಿರಲಿಲ್ಲ.

ಜೂನ್ 18, ಬೆಳಗ್ಗೆ 10.20

ಡಾಕ್ಟರ್ ಬಾಗಿಲ ಮುಂದೆ. ಇಷ್ಟು ದಿನ ಬೇಕಾಯಿತು — ಇವರು ಮೂರು ಸಲ "ನಿದ್ದೆ ಮಾಡಿದರೆ ಸರಿಹೋಗುತ್ತೆ" ಅಂದರು, ನಾಲ್ಕನೇ ಸಲ ತಾವೇ ಫೋನ್ ಮಾಡಿದರು. ಅತ್ತೆಗೆ ಪಾಪುವಿನ ಇಂಜೆಕ್ಷನ್ ಅಂತ ಹೇಳಿ ಬಂದಿದ್ದೇವೆ.

ಒಳಗೆ ಹೋದರೆ ನಿನಗೆ ಮಾತು ಹೊರಡಲ್ಲ, ಬರೆದಿಟ್ಟುಕೋ ಅಂದರು ಇವರು. ಬರೆಯುತ್ತಿದ್ದೇನೆ. ನಿದ್ದೆ ಇಲ್ಲ. ಹಸಿವಿಲ್ಲ. ಪಾಪುವಿಗೆ ಏನಾದರೂ ಆದೀತು ಅನ್ನುವ ಹೆದರಿಕೆ ಇದೆ. ಪಾಪು ಈಗ ಅಳುತ್ತಿದೆ. ಇವರು ಎತ್ತಿಕೊಂಡು ಕಾರಿಡಾರಿನಲ್ಲಿ ಓಡಾಡುತ್ತಿದ್ದಾರೆ, ನನ್ನನ್ನು ಕರೆಯುತ್ತಿಲ್ಲ. ಕುಳಿತು ನೋಡುತ್ತಿದ್ದೇನೆ. ಏನನ್ನಿಸುತ್ತಿದೆ ಅಂತ ಡಾಕ್ಟರ್ ಕೇಳಿದರೆ —