ಬಿಸಿಲಿಗಿಟ್ಟ ದ್ರಾಕ್ಷಾರಸ

ಶಿವರತ್ನ,

ಕೌದಳ್ಳಿಗೆ ಮೊದಲ ಬಸ್ಸಿಗೇ ಓಯ್ತಾ ಇವ್ನಿ. ಅವ್ವನ ಸೇವೆ ಮಾಡಿ ದಣಿದಿದ್ದೀಯ, ವಸಿ ಮಲಗಿರ್ಲಿ ಅಂತ ಎಬ್ಬಿಸಲಿಲ್ಲ.

ಅವ್ವನ ಬಾಯಿರುಚಿಗೆ ಅಂತ ಮಿಷನ್ ಆಸ್ಪತ್ರೆ ಡಾಕ್ಟ್ರಮ್ಮ ಇನ್ನೊಂದು ಬಾಟ್ಲಿ ಬಿಳಿ ದ್ರಾಕ್ಷಾರಸ ಕೊಟ್ಟವ್ರೆ. ನೆನ್ನೆ ಸಂಜೆ ಬಿರಡೆ ತೆಗೆದು ಒಂದು ಚಮಚ ಕುಡಿಸಿವ್ನಿ. ಇದು ನಿಂಬೆ ಉಪ್ಪಿನಕಾಯಿ ಅಲ್ಲ ಕಣಮ್ಮಿ! ಓದ ಸಲದಂಗೆ ಬಾಯಿಗೆ ಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ ಮಡಗಬೇಡ. ಗಾಳಿ ಸೋಕಿದ್ರೆ ಹುಳಿ ಆಯ್ತದೆ. ಟಾನಿಕ್ಕಿನ ಸಣ್ಣ ಬಾಟ್ಲಿ ತೊಳೆದು ಒಣಗಿಸಿವ್ನಿ. ಅದಕ್ಕೆ ಕತ್ತಿನ ತನಕ ತುಂಬಿ, ಬಿರಡೆ ಒತ್ತಿ, ನೀರಿನ ಗಡಿಗೆ ಕೆಳಗಿನ ಒದ್ದೆ ಮರಳಲ್ಲಿ ನಿಲ್ಲಿಸು. ಊಟಕ್ಕೆ ಮುಂಚೆ ಒಂದೇ ಚಮಚ. ಅವ್ವ ಕೇಳಿದ್ರೆ ಔಷಧಿ ಅನ್ನು. ಲಿಂಗ ಕಟ್ಟಿದ ಜೀವ, ಹೆಂಡದ ಹೆಸರು ಕೇಳಿದ್ರೆ ಉಗಿದುಬುಡ್ತದೆ.

ಮೊದಲ ಬಾಟ್ಲಿಗೇ ಗುಣ ಕಾಣ್ತು ಅಂತ ಡಾಕ್ಟ್ರಮ್ಮ ಹಿಗ್ಗಿದ್ರು. ಹುಳಿಯಾದದ್ದನ್ನ ಚೆಲ್ಲೋಕೆ ಮನಸ್ಸು ಬರದೆ, ನೀನು ಹುಣಸೆಹಣ್ಣಿನ ಬದಲು ಅದನ್ನೇ ಹುರುಳಿ ಸಾರಿಗೆ ಹಾಕಿದ್ದು ಅವರಿಗೇನು ಗೊತ್ತು? ಚಮಚ ಕಂಡ್ರೆ ಮುಖ ತಿರುಗಿಸ್ತಿದ್ದ ಅವ್ವ ಅವತ್ತು ಮುದ್ದೆ ಮುಗಿಸಿ, "ಇನ್ನೊಂದೀಟು ಸಾರು ಬುಡವ್ವ" ಅಂತ ನಿನಗೆ ತಟ್ಟೆ ಒಡ್ಡಿದ್ಲು. ನಾನು ಹಿತ್ತಲಿಗೆ ಎದ್ದೋದದ್ದು ಕೈ ತೊಳೆಯೋಕಲ್ಲ, ಕಣ್ಣು ಒರೆಸಿಕೊಳ್ಳೋಕೆ. ಎದುರಿಗೆ ಹೇಳೋಕೆ ನನಗೆ ಬಾಯಿ ಬರಾಕಿಲ್ಲ, ನಿನಗೆ ಗೊತ್ತಲ್ಲ.

ದೊಡ್ಡ ಬಾಟ್ಲೀಲಿ ಅರ್ಧ ಉಳೀತದೆ. ಅದಕ್ಕೆ ಬಟ್ಟೆ ಕಟ್ಟಿ ಬಿಸಿಲಿಗೆ ಮಡಗು.

ರುದ್ರಸ್ವಾಮಿ