ಹಡಗಿನಲ್ಲಿ ಹುಟ್ಟಿದ ಬಾತುಮರಿಗಳು

ತಿರುವಲ್ಲಿಕ್ಕೇಣಿ, ಮದ್ರಾಸು
12-8-1963

ಚಿ. ಸೌ. ತುಂಗಾಳಿಗೆ ಅಮ್ಮನ ಮನಸ್ಸು ತುಂಬಿದ ಆಶೀರ್ವಾದ.

'ಸೌಭಾಗ್ಯವತಿ' ಎಂದು ಬರೆಯುವುದಕ್ಕೆ ನಿನ್ನ ಅಪ್ಪನ ಅಪ್ಪಣೆ ಕೇಳಲಿಲ್ಲ. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಅಜ್ಜಿ ಹಾಸಿಗೆ ಹಿಡಿದ ಮೇಲೆ ನನಗೆ ಕೂತು ನಾಲ್ಕು ಸಾಲು ಬರೆಯುವ ಪುರಸೊತ್ತಿಲ್ಲ. ಪುರಸೊತ್ತು ಸಿಕ್ಕಾಗ ಧೈರ್ಯವಿರಲಿಲ್ಲ. ನಾವು ತಿರುವಲ್ಲಿಕ್ಕೇಣಿ, ನೀನು ವಡಪಳನಿ. ಒಂದೇ ಊರು, ಬಸ್ಸು ಹತ್ತಿದರೆ ಬಂದುಬಿಡಬಹುದು. ಆದರೆ "ಹೋಗೋದಾದ್ರೆ ಹೋಗು, ತಿರುಗಿ ಈ ಮನೆಗೆ ಬರಬೇಡ" ಎಂದು, ನಿನ್ನನ್ನು ನೋಡಲು ಹೊರಟ ನನಗೆ ನಿನ್ನ ಅಪ್ಪ ಆಡಿದ ಮಾತು ಹಾಗೇ ಇದೆ. ಅಜ್ಜಿಯನ್ನು ಬಿಟ್ಟು ನಾನೆಲ್ಲಿ ಹೋಗಲಿ?

ಹೋದ ಶುಕ್ರವಾರ ಗುಡಿಯ ಮುಂದೆ ಹೂ ಮಾರುವ ಗುಣವತಿ ನನ್ನನ್ನು ಕಂಡವಳೇ, "ಅಮ್ಮಾ, ಉಂಗ ಪೊಣ್ಣುಕ್ಕು ಕೊಳಂದೆ ಪೊರಂದಿರುಕ್ಕಾಮೇ!" ಎಂದು ಕೂಗಿದಳು. ನಿನಗೆ ಮಗುವಾದ ಸುದ್ದಿ ನನಗೆ ಸಿಕ್ಕಿದ್ದು ಹೀಗೆ, ಬೀದಿಯಲ್ಲಿ. ನಿನ್ನ ಅಪ್ಪ ಪಕ್ಕದಲ್ಲೇ ಇದ್ದರು. ಕಿವಿ ಕೇಳದವರ ಹಾಗೆ ಗೋಪುರ ನೋಡುತ್ತ ನಿಂತರು. ನಾನು ಮಲ್ಲಿಗೆ ಕೊಂಡು ಮನೆಗೆ ಬಂದೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೇ ಅತ್ತದ್ದು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಿಗೂ ಅತ್ತೆ. ನಿನಗೆ ಬಾಣಂತಿ ನೀರು ಹಾಕಿದ ಪುಣ್ಯಾತ್ಗಿತ್ತಿ ಯಾರೋ!

ಅಂದಿನಿಂದ ಆ ಬಾತುಮರಿಗಳೇ ನೆನಪಿಗೆ ಬರುತ್ತಿವೆ ಕಣೆ. ನೀನಾಗ ಕಾಲೇಜಿಗೆ ಸೇರಿದ ಹೊಸತು. ಊರಾಚೆಯ ಯಾವುದೋ ಫಾರಮ್ಮಿಗೆಂದು ಮಲಯದ ಪಿನಾಂಗಿನಿಂದ ಬಾತುಮೊಟ್ಟೆ ತರಿಸಿದ್ದರು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದು, ಇಲ್ಲಿ ಬಂದು ಮರಿಯಾಗಬೇಕು. ಬಂದರಿನಲ್ಲಿ ಜಾಗವಿಲ್ಲದೆ ಹಡಗು ಸಮುದ್ರದಲ್ಲೇ ನಿಂತಿತು. ಅಪ್ಪಣೆಯಾಗಲಿ ಎಂದು ಮೊಟ್ಟೆ ಕಾಯುತ್ತದೆಯೇ? ಇಳಿಸುವ ಹೊತ್ತಿಗೆ ಪೆಟ್ಟಿಗೆಯ ತುಂಬ ಚಿಂವ್ ಚಿಂವ್! ಪರ್ಮಿಟ್ಟಿನಲ್ಲಿದ್ದದ್ದು ಮೊಟ್ಟೆ, ಇಳಿದದ್ದು ಜೀವಂತ ಪಕ್ಷಿ. ಅದಕ್ಕೊಂದು ವರ್ಗ, ಇದಕ್ಕೊಂದು ವರ್ಗ. ಅದರ ಸುಂಕ ಬೇರೆ, ಇದರ ಸುಂಕ ಬೇರೆ. ನಿನ್ನ ಅಪ್ಪನ ಕಸ್ಟಮ್ಸ್ ಅಪ್ರೈಸರ್ ಕೆಲಸವೆಂದರೆ ಅದನ್ನು ತೀರ್ಮಾನಿಸುವುದೇ ತಾನೆ. ನಿನ್ನ ಅಪ್ಪ ಮೇಲಿನವರನ್ನು ಕೇಳಿದರು, ಮೇಲಿನವರು ಇನ್ನೂ ಮೇಲಿನವರನ್ನು ಕೇಳಿದರು. ಅಷ್ಟರಲ್ಲಿ ಷೆಡ್ಡಿನಲ್ಲಿ ಮರಿಗಳು ಸತ್ತೇಹೋಗುತ್ತವೆ ಎಂದು, ಬಂದರಿನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಗುಮಾಸ್ತ ಗೋಳಾಡಿದನಂತೆ. ಯಾರ ಮನೆಯಲ್ಲಾದರೂ ಇರಲಿ ಎಂದು ಸಾಹೇಬರು ಹೇಳಿದ್ದೇ ತಡ, ತಿನ್ನುವವರ ಮನೆಗೆ ಕಳಿಸಿದರೆ ಕಷ್ಟ ಎಂದು ಎಲ್ಲರೂ ಕೂಡಿ ಮಾಧ್ವರ ಮನೆಯನ್ನು ಆರಿಸಿದರು. ನಮ್ಮ ಭಾಗ್ಯ!

ಆ ಗುಮಾಸ್ತನೇ ಕೊಟ್ರಪ್ಪ. ನೆಲ್ಲು ನುಚ್ಚು ಹಿಡಿದುಕೊಂಡು ಬೆಳಿಗ್ಗೆ ಸಂಜೆ ಬರುತ್ತಿದ್ದ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಹೊಸಪೇಟೆಯ ಮಾತು. "ಅಮ್ಮಾರೆ, ಲೈಟು ಆರಿಸಬ್ಯಾಡ್ರಿ, ಮರಿಗಳಿಗೆ ಥಂಡಿ ಆಗತೈತಿ" ಎನ್ನುತ್ತಿದ್ದ. ನೀರಿಡುವ ನೆಪದಲ್ಲಿ ನೀನು ಹಿತ್ತಲಿಗೆ ಓಡುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದುಕೊಂಡಿದ್ದೆಯಾ? ಎಂಥ ಅಮ್ಮನಿಗೆ ಅದು ಕಾಣುವುದಿಲ್ಲ?

ಅಜ್ಜಿಯದೇ ನಮಗೆಲ್ಲ ಭಯ. ಮಡಿಯಲ್ಲಿದ್ದಾಗ ಹತ್ತಿರ ಸುಳಿದರೂ ಎಗರಿ ಬೀಳುತ್ತಿದ್ದ ಗೋದಾಬಾಯಿಯವರು! ಒಂದು ಬೆಳಿಗ್ಗೆ ಅವರು ಜಪಕ್ಕೆ ಕೂತಾಗ ಮರಿಗಳು ಪೆಟ್ಟಿಗೆಯಿಂದ ಹಾರಿ, ಸಾಲಾಗಿ ಹೋಗಿ, ಅವರ ಕೆಂಪು ಸೀರೆಯ ಮಡಿಲಿಗೇ ಹತ್ತಿಕೊಂಡವು. ನಿನ್ನ ಅಪ್ಪ "ಅಮ್ಮಾ!" ಎಂದು ಕಿರುಚಿದರು. ಅಜ್ಜಿ ಕಣ್ಣು ತೆರೆದು ನೋಡಿದರು.

"ಯಾಕೋ ವಿಷ್ಣು, ಹಾಗೆ ಕೂಗ್ತೀಯ? ಬತ್ತಲೆ ಕೂಸಿಗೆ ಯಾತರ ಮೈಲಿಗೆ? ಬಟ್ಟೆ ಉಟ್ಟಿವೆಯೇನೋ ಅವು?"

"ಅಮ್ಮಾ, ಅವು ಬಾತುಕೋಳಿ!"

"ಅವು ಏನೂಂತ ಗೊತ್ತಾಗದೆ ತಲೆ ಕೆಡಿಸ್ಕೊಂಡಿರೋದು ನಿನ್ನ ಆಫೀಸು. ನಂಗೆ ಗೊತ್ತು. ಹೋಗು, ಸ್ನಾನ ಮಾಡು."

ನೀನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕದ್ದು ಈಗಲೂ ಕಣ್ಣೆದುರಿಗಿದೆ. ಆ ದಿನಗಳು ನಮ್ಮ ಮನೆಯಲ್ಲಿ ಎಷ್ಟು ಚೆನ್ನಾಗಿದ್ದವು! ಕೊನೆಗೆ ನಿನ್ನ ಅಪ್ಪನೇ ಫೈಲಿನಲ್ಲಿ ಬರೆದರು. ಊಟಕ್ಕೆ ಕೂತು ನಮಗೂ ಹೆಮ್ಮೆಯಿಂದ ಹೇಳಿದರು: "ಹಡಗು ಹತ್ತುವಾಗ ಏನಾಗಿತ್ತು ಅನ್ನೋದು ನಮಗೆ ಬೇಡ. ಇಳಿದಾಗ ಏನಾಗಿದೆಯೋ ಅದೇ ಲೆಕ್ಕ." ಮೇಲಿನವರು ಒಪ್ಪಿದರು. ಮರಿಗಳು ಹೋದವು. "ಮನೆ ಬಿಕೋ ಅಂತಿದೆ" ಎಂದರು ಅಜ್ಜಿ. ನೀನು ಕೊಟ್ರಪ್ಪನ ಜೊತೆ ರಿಜಿಸ್ಟರ್ ಮದುವೆಯಾಗಿ ಹೋದ ದಿನವೂ ಅದೇ ಮಾತು ಹೇಳಿದರು.

ನಿನ್ನೆ ಅವರಿಗೆ ಮಗುವಿನ ಸುದ್ದಿ ಹೇಳಿದೆ. "ಕರಕೊಂಡು ಬರೋಕೆ ಹೇಳು. ನನ್ನ ಮಗ್ಗುಲಲ್ಲಿ ಮಲಗಿಸಲಿ" ಎಂದರು. ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗ ನಿನ್ನ ಅಪ್ಪನನ್ನು ಕೇಳಿಯೇಬಿಟ್ಟೆ. "ಬಾತುಮರಿಗೊಂದು ನ್ಯಾಯ, ಮೊಮ್ಮಗುವಿಗೊಂದು ನ್ಯಾಯವಾ? ಇಳಿದಾಗ ಏನೋ ಅದೇ ಅಂತ ಬರೆದೋರು ನೀವೇ ತಾನೆ?" ಎಂದೆ. "ಅದು ಆಫೀಸು" ಎಂದು ಹೇಳಿ, ಕಾಫಿ ಅರ್ಧಕ್ಕೇ ಬಿಟ್ಟು ಹೊರಟುಹೋದರು. ಅವರು ಕಾಫಿ ಬಿಡುವವರಲ್ಲ. ಅಷ್ಟರಮಟ್ಟಿಗೆ ನಾಟಿದೆ. ಹೂಂ ಎನ್ನಲಿಲ್ಲ, ನಿಜ. ಆದರೆ ಈ ಸಲ ಬೇಡ ಎಂದೂ ಅನ್ನಲಿಲ್ಲ. ನನಗೆ ಆಸೆ ಹುಟ್ಟಿದೆ, ತುಂಗಾ.

ಥಂಡಿ ನೀರು ಮುಟ್ಟಬೇಡ. ಕಿವಿಗೆ ಹತ್ತಿ ಇಟ್ಟುಕೋ. ಮಗುವಿಗೆ ಎಣ್ಣೆ ಒತ್ತುವಾಗ ನೆತ್ತಿಯ ಮೇಲೆ ಕೈ ಮೃದುವಾಗಿರಲಿ. ಕೊಟ್ರಪ್ಪನಿಗೂ ನನ್ನ ಆಶೀರ್ವಾದ ಹೇಳು. ಅವನು ಜೀವಗಳನ್ನು ಬೆಚ್ಚಗಿಡಬಲ್ಲವನು ಎಂಬುದನ್ನು ನಾನೇ ನೋಡಿದ್ದೇನೆ. ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ ಅಮ್ಮ,
ರಮಾಬಾಯಿ

ಮ.ವಿ.: ಮೇಲೆ ಬರೆಯಲು ಕೈ ಬರಲಿಲ್ಲ. ಇಷ್ಟುದ್ದದ ಕಾಗದದಲ್ಲಿ ಬರೀ 'ಮಗು' ಎಂದೇ ಬರೆದಿದ್ದೇನೆ, ನೋಡು. ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ಹೆಸರೇನಿಟ್ಟಿರೋ ಅದೂ ಗೊತ್ತಿಲ್ಲ. ನನ್ನ ಮೊಮ್ಮಗುವಿನ ಹೆಸರನ್ನು ಹೂವಿನವಳನ್ನು ಕೇಳಿ ತಿಳಿದುಕೊಳ್ಳಲು ಮನಸ್ಸಾಗಲಿಲ್ಲ. ನೀನು ಹಾಕಿದ ಕವರುಗಳನ್ನು ನಿನ್ನ ಅಪ್ಪ ಬಾಗಿಲಲ್ಲೇ, ಒಡೆಯದೆ, ಅಂಚೆಯವನ ಕೈಗೆ ವಾಪಸು ಕೊಡುವುದನ್ನು ನಾನು ಒಳಗಿನಿಂದ ನೋಡಿದ್ದೇನೆ. ಇನ್ನು ಕವರು ಹಾಕಬೇಡ. ಒಂದು ಪೋಸ್ಟ್ ಕಾರ್ಡು ಹಾಕು, ಅಪ್ಪನ ಹೆಸರಿಗೇ ಹಾಕು. ಮಗುವಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆ. ಕಾರ್ಡನ್ನು ಓದದೆ ವಾಪಸು ಕೊಡುವುದು ಅವರಿಂದಲೂ ಆಗುವುದಿಲ್ಲ.